ಏಪ್ರಿಲ್ ಬಿಸಿಲಿನಲ್ಲಿ ಹೀಟರ್

ಹರಿಹರ ಇನ್ನೂ ಮೂರು ಕಿಲೋಮೀಟರ್ ಇರುವಾಗ ನನ್ನ ಹಳೆಯ ಕಾರಿನ ಉಷ್ಣತೆಯ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ದಾವಣಗೆರೆಯಲ್ಲಿ ಆಗಷ್ಟೇ ಎಸಿಗೆ ದೊಡ್ಡ ಕಂಪ್ರೆಸರ್ ಹಾಕಿಸಿ, ಅದನ್ನು ಪರೀಕ್ಷಿಸಲು ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಿದ್ದೆ. ಆತ ಥಟ್ಟನೆ ಕೈ ಚಾಚಿ ಎಸಿ ಆರಿಸಿದ. ಮರುಕ್ಷಣವೇ ಹೀಟರನ್ನು ಪೂರ್ತಿ ತಿರುಗಿಸಿದ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಬೆಂಕಿಯಂತಹ ಗಾಳಿ ಮುಖಕ್ಕೆ ರಾಚಿತು.

“ಏನಪಾ, ಈ ಮುದುಕನ್ನ ಹುರೀಬೇಕು ಅಂತ ಮಾಡೀಯೇನು?” ಎಂದು ಗದರಿದೆ.

“ಬೈಯ್ರಿ ಯಜಮಾನ್ರೆ, ಹೀಟರ್ ಮಾತ್ರ ಆರಿಸಬ್ಯಾಡ್ರಿ. ಎಂಜಿನ್ ಬಿಸೀನ ಇದು ಎಳ್ಕಂತೈತೆ. ಗ್ಲಾಸ್ ಇಳಿಸಿ ಮೆಲ್ಲಕ ಹೋಗ್ರಿ.”

ನನ್ನ ಪತ್ನಿಯನ್ನು ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗೆ ಕರೆದೊಯ್ಯುವ ಕಾರು ಅದು. ಎಂಜಿನ್ ಕೆಟ್ಟರೆ ಮುಂದೇನು ಎಂಬ ಭಯಕ್ಕೆ ಗ್ಲಾಸ್ ಇಳಿಸಿ ವೇಗ ತಗ್ಗಿಸಿದೆ. ಮುಳ್ಳು ಕೂದಲೆಳೆಯಷ್ಟು ಇಳಿಯಿತು, ಬಳಿಕ ಇನ್ನಷ್ಟು. ಊರಂಚಿನ ಬೇವಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸಿದಾಗ ಇಬ್ಬರ ಅಂಗಿಯೂ ಬೆವರಿನಲ್ಲಿ ತೊಯ್ದಿತ್ತು. “ಎಂಜಿನ್ ಉಳೀತು ಬಿಡ್ರಿ” ಎಂದಷ್ಟೇ ಹೇಳಿ ಆತ ಮುಖ ಒರೆಸಿಕೊಂಡ.

ದೊಡ್ಡ ಕಂಪ್ರೆಸರ್ ಹಾಕಿದರೆ ಎಂಜಿನ್ನನ್ನು ತಂಪಾಗಿಡುವ ರೇಡಿಯೇಟರಿನ ಫ್ಯಾನನ್ನೂ ಬದಲಿಸಬೇಕೆಂದು ಆತ ಬೆಳಿಗ್ಗೆಯೇ ಹೇಳಿದ್ದ. ಅದಕ್ಕೆ ಗ್ಯಾರೇಜಿನಲ್ಲಿದ್ದ ನಾಲ್ವರ ಎದುರು ಅವನನ್ನು ಮೋಸಗಾರನೆಂದು ಜರೆದು, ಫ್ಯಾನ್ ಬೇಡವೆಂದು ಹಠ ಹಿಡಿದವನು ನಾನು. ನನಗಾದ ಅವಮಾನಗಳಲ್ಲಿ ಒಂದನ್ನೂ ನಾನು ಈವರೆಗೆ ಮರೆತವನಲ್ಲ. ಆತನೋ, ಆ ಮಾತನ್ನು ದಾರಿಯುದ್ದಕ್ಕೂ ಒಮ್ಮೆಯೂ ಎತ್ತಲಿಲ್ಲ.