ಹಾಲಮ್ಮನ ಹೆಸರಿಗೆ ಬರೆದ ಕಾಗದ

ನಾನು ಬರೆದ ಕಾಗದವೊಂದು ಹನ್ನೆರಡು ದಿನ ತಿರುಗಾಡಿ ನನ್ನ ಕೈಗೇ ಮರಳಿ ಬಂದಿತು. ಲಕೋಟೆಯನ್ನು ಯಾರೂ ಒಡೆದಿರಲಿಲ್ಲ. ವಿಳಾಸದ ಮೇಲೆ ಅಡ್ಡಲಾಗಿ, ಕೆಂಪು ಶಾಯಿಯಲ್ಲಿ, ಇಂಗ್ಲಿಷಿನ ಎರಡು ಪದಗಳಿದ್ದವು: ‘ನಾಟ್ ನೋನ್’. ಇಂಥವರು ಯಾರೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ ಎಂದರ್ಥ.

ಇಂಥವರು ಎಂದರೆ ನನ್ನ ಅಕ್ಕ. ದುರ್ಗದ ನಮ್ಮ ಮನೆಯಿಂದ ಹೊರಕೆರೆದೇವಪುರದ ಸಮೀಪದ ಆ ಹಳ್ಳಿಗೆ ಸೊಸೆಯಾಗಿ ಹೋಗಿ ಹದಿನಾರು ವರ್ಷವಾಯಿತು. ಅಲ್ಲಿಯ ಬಾವಿಯಲ್ಲಿ ದಿನವೂ ನೀರು ಸೇದುತ್ತಾಳೆ. ಅಲ್ಲಿಯೇ ಮೂರು ಮಕ್ಕಳನ್ನು ಹೆತ್ತಳು.

ಆ ಕಾಗದ ಮರಳುವ ಹೊತ್ತಿಗೆ ನಮ್ಮ ಅವ್ವನನ್ನು ಮಣ್ಣು ಮಾಡಿ ಐದು ದಿನವಾಗಿತ್ತು.

‘ನೋನ್’ ಎಂಬುದು ಎಷ್ಟು ಸಲೀಸಾದ ಪದ. ಕಾಲೇಜಿನ ಗಣಿತದಲ್ಲಿ ಅದನ್ನು ದಿನಕ್ಕೆ ಹತ್ತು ಸಲ ಬರೆದಿದ್ದೇನೆ. ಲಂಬಕೋನ ತ್ರಿಕೋನದ ಎರಡು ಬಾಹುಗಳು ನೋನ್ ಆಗಿದ್ದರೆ ಸಾಕು, ಮೂರನೆಯದು ತಾನಾಗಿ ಸಿಕ್ಕುತ್ತದೆ. ಭಾಷಣಕ್ಕೆ ಬರುವ ದೊಡ್ಡವರೆಲ್ಲರೂ ಆಹ್ವಾನಪತ್ರಿಕೆಯಲ್ಲಿ ‘ವೆಲ್ ನೋನ್’ ಆಗಿರುತ್ತಾರೆ (ನಿಜಕ್ಕೂ ವೆಲ್ ನೋನ್ ಆಗಿದ್ದರೆ ಹಾಗೆಂದು ಅಚ್ಚು ಹಾಕಿಸಬೇಕೇ?). ಪೊಲೀಸರ ಭಾಷೆಯಲ್ಲಿ ಹಳೆಯ ಕಳ್ಳನಿಗೂ ಇದೇ ಬಿರುದು. ಠಾಣೆಯ ಪಟ್ಟಿಯಲ್ಲಿ ಅವನ ಹೆಸರು, ಅವನಪ್ಪನ ಹೆಸರು, ಕೆನ್ನೆಯ ಮೇಲಿನ ಮಚ್ಚೆ ಎಲ್ಲವೂ ದಾಖಲಾಗಿರುತ್ತವೆ. ಮನೆಗೆ ಕನ್ನ ಹಾಕುವವನು ನೋನ್. ಅದೇ ಮನೆಯ ಒಲೆ ಹಚ್ಚುವವಳು?

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಓದುಗರಿಗೆ ನೆನಪಿರಬಹುದು. ಎರಡು ತಿಂಗಳ ಹಿಂದೆ ಈ ಪತ್ರಿಕೆಯ ಇದೇ ಜಾಗದಲ್ಲಿ ನಾನೊಂದು ಆಗ್ರಹ ಮಾಡಿದ್ದೆ. ಹೆಂಗಸರಿಗೆ ಕಾಗದ ಬರೆಯುವವರು ಅವರ ಹೆಸರಿಗೇ ಬರೆಯಬೇಕು, ವಿಳಾಸದಲ್ಲಿ ಗಂಡನ ಹೆಸರಾಗಲಿ ಮಾವನ ಹೆಸರಾಗಲಿ ಇರಕೂಡದು ಎಂದಿದ್ದೆ. ಅನೇಕರು ಮೆಚ್ಚಿದರು. ಮೆಚ್ಚುಗೆ ಬಹಳ ರುಚಿಯಾಗಿತ್ತು.

ಅವ್ವ ಹಾಸಿಗೆ ಹಿಡಿದ ಎರಡನೆಯ ದಿನ ಅಕ್ಕನಿಗೆ ಕಾಗದ ಬರೆದೆ. ಅದುವರೆಗೆ ಭಾವನ ಹೆಸರಿಗೆ ಬರೆಯುತ್ತಿದ್ದೆ, ಒಂದೂ ತಪ್ಪದೆ ತಲುಪುತ್ತಿತ್ತು. ಈ ಸಲ ‘ಶ್ರೀಮತಿ ಹಾಲಮ್ಮನವರಿಗೆ’ ಎಂದು ದುಂಡಗೆ ಬರೆದು, ಊರಿನ ಹೆಸರು ಹಾಕಿ, ಗಂಡಸರ ಹೆಸರೊಂದನ್ನೂ ಸೇರಿಸದೆ ಲಕೋಟೆ ಮುಚ್ಚಿದೆ.

ನಮ್ಮ ಎದುರುಮನೆಯ ರುದ್ರಪ್ಪನವರು ಹತ್ತಿಯ ವ್ಯಾಪಾರಿಗಳು. ಅವರು ಬಾಗಿಲಲ್ಲಿ ನಿಂತು ಹೇಳಿದರು: “ಕಾಗದ ಗೀಗದ ಯಾಕಪ್ಪ? ಒಬ್ಬ ಆಳ್ನ ಕಳಿಸ್ತೀನಿ. ನಾಡಿದ್ದು ಹೊತ್ತು ಮುಳುಗೋದ್ರಾಗೆ ಗಾಡಿ ಮ್ಯಾಲೆ ಕುಂದ್ರಿಸ್ಕೊಂಡು ಬರ್ತಾನೆ.”

“ಅಂಚೆ ಐತಲ್ರಿ. ಸರ್ಕಾರ ಅದನ್ನ ಯಾತಕ್ಕೆ ಇಟ್ಟೈತೆ?” ಎಂದೆ.

“ನೀನು ಓದಿದೋನು. ನಿಂಗೆ ಹೇಳೋನು ನಾನ್ಯಾರು,” ಎಂದು ಅವರು ಹೊರಟುಹೋದರು.

ಅವ್ವ ದಿನವೂ ಕೇಳುತ್ತಿದ್ದಳು: “ಹಾಲಮ್ಮ ಬಂದ್ಲೇನಪ್ಪ?”

“ಕಾಗದ ಹೋಗೈತವ್ವ. ಬರ್ತಾಳೆ.”

ಏಳನೆಯ ದಿನವೂ ಕೇಳಿದಳು. ನನಗೆ ಅಕ್ಕನ ಮೇಲೆ, ಭಾವನ ಮೇಲೆ, ಇಡೀ ಆ ಮನೆಯ ಮೇಲೆ ಸಿಟ್ಟು ಬಂದಿತ್ತು. “ಕಾಗದ ಯಾವತ್ತೋ ಮುಟ್ಟೈತವ್ವ. ಬರೋ ಮನಸ್ಸಿರಬೇಕಲ್ಲ,” ಎಂದುಬಿಟ್ಟೆ.

ಅವ್ವ ಗೋಡೆಯ ಕಡೆಗೆ ಹೊರಳಿ ಮಲಗಿದಳು. ಆಮೇಲೆ ಕೇಳಲಿಲ್ಲ. ಒಂಬತ್ತನೆಯ ದಿನ ಹೋದಳು.

ಸುದ್ದಿ ಮುಟ್ಟಿಸಲು ರುದ್ರಪ್ಪನವರ ಆಳೇ ಓಡಬೇಕಾಯಿತು. ಅಕ್ಕ, ಭಾವ ಗಾಡಿ ಹೂಡಿಕೊಂಡು ಬಂದಾಗ ಎಲ್ಲವೂ ಮುಗಿದಿತ್ತು. ಅಕ್ಕ ಅವ್ವನ ಬರಿದಾದ ಚಾಪೆಯನ್ನು ಹಿಡಿದುಕೊಂಡು ಅತ್ತಳು. ನಾನು ಭಾವನನ್ನು ಕೇಳಿದೆ: “ಕಾಗದ ಬಂದಾಗ ಬರದೇ ಇದ್ದೋರು ಈಗ್ಯಾಕೆ ಬಂದ್ರಿ?”

“ಯಾವ ಕಾಗದನಪ್ಪ?” ಎಂದರು ಭಾವ. ನಾನು ನಂಬಲಿಲ್ಲ. ಒಂದೇ ಮನೆಯಲ್ಲಿದ್ದೂ ಮೂರು ದಿನ ಅವರೊಡನೆ ಮಾತು ಬಿಟ್ಟೆ.

ಮಣ್ಣು ಮಾಡಿದ ಐದನೆಯ ದಿನ ಅಂಚೆಯವನು ಲಕೋಟೆಯನ್ನು ತಂದು ನನ್ನ ಕೈಗಿತ್ತ. ಅದನ್ನು ಭಾವನ ಮುಂದೆ ಹಿಡಿದು, ವಿಳಾಸವನ್ನೂ ಕೆಂಪಕ್ಷರಗಳನ್ನೂ ಓದಿ ಹೇಳಿದೆ.

“ಆವತ್ತು ಕಟ್ಟೆ ಮ್ಯಾಲೆ ನಾನೂ ಇದ್ದೆ,” ಎಂದರು ಭಾವ. “ಟಪಾಲಿನೋನು ಬಂದು, ಶ್ರೀಮತಿ ಹಾಲಮ್ಮನೋರು ಯಾರ್ರಿ ಅಂದ. ನಮ್ಮ ದೊಡ್ಡಪ್ಪ, ಹಾಲಮ್ಮ ಅಂಬೋಳು ಒಬ್ಳಿದ್ಲಪ್ಪ, ಸತ್ತು ನಾಕು ವರ್ಷ ಆತು, ಕಾಗದಾನೂ ಅಲ್ಲಿಗೇ ಕಳಿಸು ಅಂದ. ಎಲ್ರೂ ನಕ್ರು. ನಾನೂ ನಕ್ಕೆ.”

“ಭಾವ, ನಿಮ್ಮ ಹೆಂಡ್ತಿ ಹೆಸರು ನಿಮಗೆ ಗೊತ್ತಿಲ್ವಾ?”

“ಗೊತ್ತಿಲ್ದೆ ಏನಪ್ಪ. ಲಗ್ನಪತ್ರಿಕೆ ಓದಿದಾಗ ಕೇಳಿದ್ದೆ. ಆಮ್ಯಾಲೆ ಬೇಕಾಗ್ಲಿಲ್ಲ.”

ಅವರು ಕೆಟ್ಟವರಲ್ಲ. ಆ ಮಾತನ್ನು ನಾಚಿಕೆಯಿಂದಲೇ ಹೇಳಿದರು. ಹದಿನಾರು ವರ್ಷ ಒಂದೇ ಸೂರಿನಡಿ ಬಾಳಿದವಳ ಹೆಸರು ಬೇಕಾಗಲೇ ಇಲ್ಲ.

ಒಲೆಯ ಮುಂದೆ ಕುಳಿತಿದ್ದ ಅಕ್ಕ ತಿರುಗಿ ನೋಡದೆಯೇ ಹೇಳಿದಳು: “ನಂಗೂ ಕೇಳಿಸ್ತು.”

“ಏನು ಕೇಳಿಸ್ತಕ್ಕ?”

“ನೀರಿಗೆ ಹೊಂಟಿದ್ದೆ. ಕಟ್ಟೆ ಕಡೆಯಿಂದ ಯಾರೋ ಹಾಲಮ್ಮ ಅಂದಂಗಾತು. ನಿಂತೆ. ಆ ಊರಾಗೆ ನನ್ನ ಯಾರು ಹಂಗಂತಾರೆ? ಎಲ್ರಿಗೂ ನಾನು ದುರ್ಗದಾಕೆ. ಹಾಲಮ್ಮ ಅಂತ ಕೂಗೋಳು ಅವ್ವ ಒಬ್ಳೇ. ಹಿರೇರೆಲ್ಲ ಕುಂತು ನಗಾಡ್ತಿದ್ರು. ಅವರ ಮುಂದೆ ಹೋಗಿ ನಾನೇ ಹಾಲಮ್ಮ ಅಂತ ಹೇಳಾಕಾಗ್ತೈತಾ? ಇನ್ಯಾರೋ ಹಾಲಮ್ಮ ಇರಬೇಕು ಅನ್ಕಂಡು ಹೋದೆ.”

ಒಲೆಗೆ ಸೌದೆ ನೂಕುತ್ತಾ ಕೇಳಿದಳು: “ಅವ್ವ ನನ್ನ ಕೇಳಿದ್ಲೇನೋ?”

“ಕೇಳಿದ್ಲು.”

“ನೀನೇನಂದೆ?”

“ಬರ್ತಾಳೆ ಅಂದೆ.”

ಅಷ್ಟನ್ನೇ ಹೇಳಿದೆ. ಏಳನೆಯ ದಿನದ ಮಾತನ್ನು ಹೇಳಲಿಲ್ಲ. ಮಗಳಿಗೆ ಬರುವ ಮನಸ್ಸಿಲ್ಲವೆಂದು ನಂಬಿಕೊಂಡೇ ಅವ್ವ ಕಣ್ಣು ಮುಚ್ಚಿದಳು. ಹಾಗೆ ನಂಬಿಸಿದವನು ನಾನು.

ಹೊಣೆ ಯಾರದು? ಪ್ರತಿ ವಾರವೂ ಇಲ್ಲಿ ಕುಳಿತು ಯಾರನ್ನೋ ಕೇಳುವ ಪ್ರಶ್ನೆ ಇದು. ಅಂಚೆಯವನು ತನ್ನ ಕೆಲಸ ಮಾಡಿದ. ವಿಚಾರಿಸಿದ, ಸಿಕ್ಕ ಉತ್ತರವನ್ನು ಒಪ್ಪಿಸಿದ. ಉತ್ತರ ಕೊಟ್ಟದ್ದು ಊರು. ತನ್ನ ಹೊಲಗಳಿಗೂ ಎತ್ತುಗಳಿಗೂ ಹೆಸರಿಟ್ಟು ಕರೆಯುವ ಊರು. ಆ ಕಟ್ಟೆಯ ಮೇಲೆ ಕುಳಿತಿದ್ದವರನ್ನು ನಾನು ಕೇಳಿಯೇ ಕೇಳುತ್ತೇನೆ: ನಿಮ್ಮ ಒಲೆಗಳ ಮುಂದೆ ಕೂರುವವರ ಹೆಸರುಗಳು ಎಲ್ಲಿ ಹೋದವು?

ಆದರೆ ಅವರು ನನ್ನನ್ನೂ ಕೇಳಬಹುದು. ಆ ಊರಿಗೆ ಎಷ್ಟು ಸಲ ಹೋಗಿ ಬಂದೆ? ಅಂಗಳದಲ್ಲಿ ನಿಂತು ಒಮ್ಮೆಯಾದರೂ, ಇವಳು ಹಾಲಮ್ಮ, ನನ್ನ ಅಕ್ಕ, ಎಂದು ಯಾರಿಗಾದರೂ ಹೇಳಿದೆನೇ? ಅವಳ ಹೆಸರನ್ನು ಲಕೋಟೆಯ ಮೇಲೆ ಬರೆಯುವ ಧೈರ್ಯವಿತ್ತು, ನಾಲ್ಕು ಜನರ ನಡುವೆ ಉಚ್ಚರಿಸುವ ನೆನಪಾಗಲಿಲ್ಲ. ನನ್ನ ಆಗ್ರಹ ತಪ್ಪೆಂದು ಇಂದೂ ಒಪ್ಪುವುದಿಲ್ಲ. ಆಳನ್ನು ಕಳಿಸಿ ಅಕ್ಕನನ್ನು ಕರೆತಂದು, ಆಮೇಲೆ ಆಗ್ರಹ ಮಾಡಬಹುದಾಗಿತ್ತು.

ಅಕ್ಕನಿಗೆ ಓದು ಬರುವುದಿಲ್ಲ. ಎದುರಿಗೆ ಹೇಳಲಾರದ್ದನ್ನು ಅದಕ್ಕೇ ಇಲ್ಲಿ ಬರೆದೆನೇನೋ. ಆದರೆ ಈ ಪತ್ರಿಕೆಯನ್ನು ಆ ಊರಿನ ಶಾನುಭೋಗರು ತರಿಸುತ್ತಾರೆ. ಅವರಲ್ಲಿ ಕೈಮುಗಿದು ಬೇಡುತ್ತೇನೆ: ಏಳನೆಯ ದಿನ ನಾನು ಅವ್ವನಿಗೆ ಏನೆಂದೆನೆಂಬುದನ್ನು ಹಾಲಮ್ಮನಿಗೆ ಓದಿ ಹೇಳಿ.

ಅವಳ ಮನೆ ಯಾವುದೆಂದು ಈಗಲಾದರೂ ನಿಮಗೆ ಗೊತ್ತೇ?