ಅಕ್ಕನ ಮೆಸ್ಸಿಗೆ ಒಂದೇ ಸ್ಟಾರು

ಕೊರಟಗೆರೆಯಲ್ಲಿ ನಮ್ಮಕ್ಕ ನಡೆಸುವ ಮೆಸ್ಸಿಗೆ ಹೆಸರಿರಲಿಲ್ಲ. ಎದುರಿಗೆ ಒಂದು ಹುಣಸೆಮರ ಇತ್ತು. ಜನ ‘ಹುಣಸೆಮರದ ಹತ್ರ ಮುದ್ದೆ ಊಟ’ ಅನ್ನುತ್ತಿದ್ದರು, ಅಷ್ಟು ಸಾಕಾಗಿತ್ತು. ಪಾವಗಡದಿಂದ ತುಮಕೂರಿಗೆ ಹೋಗುವ ಪ್ರೈವೇಟ್ ಬಸ್ಸುಗಳು ಮಧ್ಯಾಹ್ನ ಅಲ್ಲಿ ಹದಿನೈದು ನಿಮಿಷ ನಿಲ್ಲುತ್ತಿದ್ದವು. ಡ್ರೈವರು ಕಂಡಕ್ಟರು ಇಳಿದರೆ ಅವರ ಹಿಂದೆ ಅರ್ಧ ಬಸ್ಸು ಇಳಿಯುತ್ತಿತ್ತು. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಲ್ಯ, ಕೊನೆಗೆ ಒಂದಿಷ್ಟು ಅನ್ನ ಮಜ್ಜಿಗೆ. ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ನಿಂತು ನಡೆಸಿದ ಜಾಗ ಅದು.

ಆಮೇಲೆ ಊರಾಚೆ ಒಂದು ದೊಡ್ಡ ಹೋಟೆಲು ಬಂತು. ಬಸ್ಸು ತಿರುಗಿಸಲು ಬೇಕಾದಷ್ಟು ಜಾಗ, ಕೈ ತೊಳೆಯಲು ಸಾಲು ನಲ್ಲಿ, ಡ್ರೈವರಿಗೂ ಕಂಡಕ್ಟರಿಗೂ ಕೂತು ಉಣ್ಣಲು ಬೇರೆ ಕೋಣೆ. ತಿಂಗಳೊಪ್ಪತ್ತಿನಲ್ಲಿ ಬಸ್ಸುಗಳೆಲ್ಲ ಅಲ್ಲಿಗೆ ಹೋದವು. ಅಕ್ಕನ ಬೆಂಚುಗಳಲ್ಲಿ ಹಳೆಯ ಗಿರಾಕಿಗಳು ಏಳೆಂಟು ಜನ ಉಳಿದರು.

ಮೆಸ್ಸು ಶುರು ಮಾಡುವ ಮುಂಚೆ ಅಕ್ಕ ಒಬ್ಬ ಅಡಿಗೆ ಕಂಟ್ರಾಕ್ಟರನ ಕೈಕೆಳಗೆ ಮಧುಗಿರಿ, ಶಿರಾ ಕಡೆಯ ಛತ್ರಗಳಲ್ಲಿ ಮದುವೆ ಅಡಿಗೆ ಮಾಡುತ್ತಿದ್ದಳು. ಒಂದು ಸಲ ಅವಳು ಇಳಿಸಿಟ್ಟ ಸಾರಿಗೆ ಆತ ಅವಳ ಕಣ್ಣೆದುರೇ ಎರಡು ಕೊಡ ನೀರು ಸುರಿಸಿದ್ದ. ಆವತ್ತು ಸೆರಗು ಕೊಡವಿಕೊಂಡು ಬಂದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಮೆಸ್ಸಿಗೆ ಬಸ್ಸು ಬರುವುದು ತಪ್ಪಿದ ಸುದ್ದಿ ಗೊತ್ತಾಗಿ ಆತ ಮತ್ತೆ ಹೇಳಿಕಳಿಸಿದ. ಯುಗಾದಿ ಆದ ಮೇಲೆ ಮದುವೆಗಳು ಶುರುವಾಗುತ್ತವೆ, ಬರುವುದಾದರೆ ಬಾ ಅಂತ. ಅಕ್ಕ ಬೇಡ ಅನ್ನಲಿಲ್ಲ. “ಯುಗಾದಿ ಕಳೀಲಿ, ಯೋಳ್ತೀನಿ” ಅಂದಳು. ಅವಳ ಬಾಯಲ್ಲಿ ಆ ಮಾತು ಕೇಳಿದ ಮೇಲೆ, ಯುಗಾದಿಯೊಳಗೆ ಏನಾದರೂ ಮಾಡಲೇಬೇಕು ಅಂದುಕೊಂಡೆ.

ನಾನು ಮಧುಗಿರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದೇನೆ. ಟೈಪಿಂಗು, ಜೆರಾಕ್ಸು, ಆನ್‌ಲೈನ್ ಅರ್ಜಿ. ಅಂಗಡಿಯನ್ನು ಫೋನಿನ ಮ್ಯಾಪಿನಲ್ಲಿ ಎಂದೋ ಹಾಕಿದ್ದೆ. ಬಂದ ಅಭಿಪ್ರಾಯಗಳೆಲ್ಲ ಐದಕ್ಕೆ ಐದು ಸ್ಟಾರು. ಅದರಲ್ಲಿ ಮೂರು ನಮ್ಮ ಮನೆಯವರದೇ, ಆ ಮಾತು ಬೇರೆ. ಅಂತೂ ಈ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದಿಲ್ಲ ಅನ್ನುವ ಜಂಬ ಇತ್ತು. ಮಧುಗಿರಿ ಬೆಟ್ಟ, ಸಿದ್ದರಬೆಟ್ಟ ಹತ್ತಲು ಶನಿವಾರ ಭಾನುವಾರ ಕಾರುಗಳಲ್ಲಿ ಜನ ಬರುತ್ತಾರೆ. ಅವರು ಊಟ ಹುಡುಕುವುದು ಫೋನಿನಲ್ಲಿ. ಅಲ್ಲಿ ಅಕ್ಕನ ಮೆಸ್ಸು ಕಾಣಬೇಕು, ಅಷ್ಟೇ ತಾನೆ ಅಂದುಕೊಂಡೆ.

ದೀಪಾವಳಿ ಕಳೆದ ವಾರವೇ ಅಕ್ಕನ ಫೋನು ತೆಗೆದುಕೊಂಡು ಕೂತೆ. ಅವಳ ಹೆಸರಲ್ಲೇ ಖಾತೆ ತೆರೆದೆ. ಮೆಸ್ಸಿಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರೊಂದನ್ನು ಕಟ್ಟಿದೆ. ಕೇಳಿದರೆ ಜಿಲ್ಲಾ ಕೇಂದ್ರದ ಲಾಡ್ಜು ಅನ್ನಬೇಕು, ಹಾಗಿತ್ತು. ಎರಡು ವಾರ ಕಳೆದರೂ ಒಬ್ಬರೂ ಬರಲಿಲ್ಲ. ಕೊನೆಗೆ ಬೆಂಗಳೂರಿನ ಒಂದು ಕುಟುಂಬ, ಅಲ್ಲಿ ಹಾಕಿದ್ದ ನನ್ನ ನಂಬರಿಗೆ ಫೋನು ಮಾಡಿತು. “ನಿಮ್ಮ ಹೋಟೆಲ್ ಎಲ್ಲಿದೆ ಸಾರ್, ನಾವೀಗ ಕೆರೆ ಒಳಗೆ ನಿಂತಿದೀವಿ” ಅಂದರು. ಮ್ಯಾಪಿನಲ್ಲಿ ನಾನು ಗುರುತು ಇಟ್ಟದ್ದು ಕೆರೆಯಂಗಳದ ಜಾಲಿಗಿಡಗಳ ಮಧ್ಯೆ. ಅವರು ಹಿಂದಕ್ಕೆ ತಿರುಗಿ ದೊಡ್ಡ ಹೋಟೆಲಿಗೇ ಹೋದರು.

ಗುರುತು ಸರಿಮಾಡಿದೆ. ಆದರೂ ಮೆಸ್ಸಿನ ಬಾಗಿಲಲ್ಲೇ ನಿಂತು ಊಟ ಅಂತ ಹುಡುಕಿದರೆ ದೊಡ್ಡ ಹೋಟೆಲು ಮೇಲೆ ಬರುತ್ತಿತ್ತು, ಅಕ್ಕ ಎಲ್ಲೋ ತಳದಲ್ಲಿ. ಆಗ ನನ್ನ ಅಂಗಡಿಗೆ ಬರುವವರನ್ನು ಗಮನಿಸತೊಡಗಿದೆ. ಯಾರೂ ಇಂಗ್ಲಿಷ್ ಹೆಸರು ಒತ್ತುವುದಿಲ್ಲ. ಫೋನನ್ನು ಬಾಯ ಹತ್ತಿರ ಹಿಡಿದು ಮಾತಾಡುತ್ತಾರೆ. ಕೊಡಿಗೇನಹಳ್ಳಿಯ ಒಬ್ಬರು ಪಂಪಿನ ಅಂಗಡಿ ಬೇಕಾಗಿ “ಮೋಟ್ರು ಸುಟ್ಟೋಗೈತೆ, ಎಲ್ ಮಾಡ್ತಾರೆ” ಅಂತ ಫೋನನ್ನೇ ಕೇಳಿದರು. ಅದು ಅವರಿಗೆ ಮೂರು ಅಂಗಡಿ ತೋರಿಸಿತು. ನಾನು ಆವತ್ತೇ ಲಾಡ್ಜಿನಂಥ ಹೆಸರು ಕಿತ್ತು ಹಾಕಿ, ಜನ ಕರೆಯುತ್ತಿದ್ದುದನ್ನೇ ಇಟ್ಟೆ: ಹುಣಸೆಮರದ ಹತ್ರ ಮುದ್ದೆ ಊಟ. ಇಂಗ್ಲಿಷಿನವರಿಗೂ ಗಡಿಯಾಚೆಯವರಿಗೂ ಕಾಣಲಿ ಅಂತ ವಿವರಣೆಯಲ್ಲಿ ಇಂಗ್ಲಿಷನ್ನೂ, ಮುದ್ದೆಗೆ ತೆಲುಗಿನವರು ಅನ್ನುವ ಸಂಗಟಿ ಎಂಬ ಮಾತನ್ನೂ ಸೇರಿಸಿದೆ. ತೆಗೆಯುವ ಮುಚ್ಚುವ ಹೊತ್ತು, ವಾರದ ರಜೆ, ಯಾವ ದಿನ ಯಾವ ಸಾರು, ಎಲ್ಲ ಬರೆದೆ. ಮೆಸ್ಸು ತಳದಿಂದ ಸ್ವಲ್ಪ ಮೇಲೆ ಬಂತು.

ಉಳಿದದ್ದು ಫೋಟೋ. ನಮ್ಮಿಬ್ಬರ ಜಗಳ ಶುರುವಾದದ್ದು ಅಲ್ಲೇ.

ಅಕ್ಕನ ಅಡಿಗೆಮನೆಯಲ್ಲಿ ಮುಚ್ಚಳವಿಲ್ಲದ ಪಾತ್ರೆ ಇರುವುದಿಲ್ಲ. ಬಾಗಿಲಿಗೆ ಸದಾ ಪರದೆ. ಮಗುವನ್ನು ಯಾರಾದರೂ ದುಂಡಗಿದೆ ಅಂದರೆ ಸಾಕು, ಉಪ್ಪು ಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕುವವಳು. ಉಣ್ಣುವ ಅನ್ನದ ಮೇಲೆ ಪರರ ಕಣ್ಣು ಬೀಳಬಾರದು ಅನ್ನುವುದು ನಮ್ಮ ಮನೆಯಲ್ಲಿ ಅವ್ವನ ಕಾಲದಿಂದ ಬಂದದ್ದು. ನಾನು ಬಿಟ್ಟಿದ್ದೆ, ಅವಳು ಬಿಟ್ಟಿರಲಿಲ್ಲ.

“ಎಲೆ ಮೇಲಿನ ಮುದ್ದೇನ ಊರೋರ್ಗೆಲ್ಲ ತೋರುಸ್ತೀಯೇನ್ಲಾ?” ಅಂದಳು.

“ತೋರಿಸದೆ ಇದ್ರೆ ಯಾರಕ್ಕ ಬರ್ತಾರೆ?”

“ಹೋದ್ ವರ್ಷ ಒಬ್ಬ ಬಂದು ವೀಡಿಯೊ ಮಾಡ್ಕಂಡು, ಇಂಥಾ ಊಟ ಜಿಲ್ಲೇಲೇ ಇಲ್ಲ ಅಂದ. ತಿಂಗ್ಳು ತುಂಬ್ನಿಲ್ಲ, ಬಸ್ಸು ನಿಂತೋದ್ವು. ನಿಮ್ ಭಾವನ್ನೂ ಯಾರ್ದೋ ಮದ್ವೆ ಮನೇಲಿ ಎಲ್ರೂ, ಕಬ್ಬಿಣ ಇದ್ದಂಗವ್ನೆ ಅಂದ್ರು. ಯಾರಾದ್ರೂ ಒಂದ್ ದಿಷ್ಟಿಬೊಟ್ಟು ಇಟ್ರಾ? ಆರ್ ತಿಂಗ್ಳಿಗೆ ಹೋದ್ರು.”

ಭಾವ ಹೋದದ್ದು ಸಕ್ಕರೆ ಕಾಯಿಲೆಯಿಂದ ಅಂತ ಹೇಳಿದರೆ ಅವಳು ಒಪ್ಪುತ್ತಿರಲಿಲ್ಲ. ನನ್ನ ಕೋಪವೂ ಇಳಿಯಲಿಲ್ಲ. ಹಟಕ್ಕೆ ಬಿದ್ದು, ಅವಳು ಬೇಡವೆನ್ನದ ವಸ್ತುಗಳ ಫೋಟೋ ತೆಗೆದೆ. ಮುಚ್ಚಿದ ಪಾತ್ರೆ ಮೂರು, ನೀರಿನ ಡ್ರಮ್ಮು ಒಂದು, ಹುಣಸೆಮರ, ಪರದೆ. ಊಟದ ಜಾಗಕ್ಕೆ ಇಂಥ ಫೋಟೋ ಹಾಕಿದವನು ನಾನೊಬ್ಬನೇ ಇರಬೇಕು.

ಅದಕ್ಕೆ ಬದಲಾಗಿ ಅಭಿಪ್ರಾಯಗಳನ್ನಾದರೂ ತುಂಬಿಸೋಣ ಅಂತ ಹಳೆಯ ಗಿರಾಕಿಗಳ ಬೆನ್ನು ಹತ್ತಿದೆ. ಒಬ್ಬೊಬ್ಬರ ಫೋನು ಹಿಡಿದು ಎಲ್ಲಿ ಒತ್ತಬೇಕು, ಎಲ್ಲಿ ಬರೆಯಬೇಕು ತೋರಿಸಿದೆ. ಎಲ್ಲರೂ ಖುಷಿಯಿಂದ ಒಪ್ಪಿದರು. “ನಮ್ಮಕ್ಕನ್ಗೆ ಅಷ್ಟೂ ಮಾಡಲ್ವಾ” ಅಂದರು.

ಹತ್ತು ದಿನ ಬಿಟ್ಟು ನೋಡುತ್ತೇನೆ, ಮೆಸ್ಸಿಗೆ ಎಂಟು ಅಭಿಪ್ರಾಯ, ಎಲ್ಲ ಒಂದೇ ಸ್ಟಾರು. ‘ಊಟ ಸುಮಾರು.’ ‘ಉಪ್ಪು ಜಾಸ್ತಿ.’ ‘ಏನೂ ಇಲ್ಲ ಇಲ್ಲಿ, ಯಾರೂ ಬರಬೇಡಿ.’ ಮೆಸ್ಸು ಮತ್ತೆ ಪಾತಾಳಕ್ಕೆ ಇಳಿದಿತ್ತು. ನನಗೆ ಮೈಯೆಲ್ಲ ಉರಿದು ಹೋಯಿತು. ಇದು ದೊಡ್ಡ ಹೋಟೆಲಿನವರ ಕೆಲಸವೇ, ಬೇರೆ ಯಾರಿಗೆ ಬೇಕು ಇದು ಅಂತ ಅಂಗಡಿಗೆ ಬೀಗ ಹಾಕಿ ಸಿಕ್ಕಿದ ಬಸ್ಸು ಹತ್ತಿದೆ. ಆ ಬಸ್ಸೂ ಅವರ ಹೋಟೆಲಿನ ಮುಂದೆಯೇ ನಿಂತಿತು.

ಗಲ್ಲಾದಲ್ಲಿದ್ದ ಮಾಲೀಕರಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಉಣ್ಣುತ್ತಿದ್ದವರು ತಿರುಗಿ ನೋಡಿದರು. ಮಾಲೀಕರು ನಿಧಾನಸ್ಥ ಮನುಷ್ಯ. ಪೂರ್ತಿ ಕೇಳಿ, “ನಿಮ್ಮಕ್ಕನ ಮೆಸ್ಸು ಯಾವುದು ಸ್ವಾಮಿ?” ಅಂದರು. ಅವರಿಗೆ ಅದು ಇರುವುದೇ ಗೊತ್ತಿರಲಿಲ್ಲ. ಅವರು ತಿರುಗಿ ಬೈದಿದ್ದರೂ ನನಗೆ ಅಷ್ಟು ಅವಮಾನ ಆಗುತ್ತಿರಲಿಲ್ಲ. ಅವರೇ ಫೋನು ತೆಗೆದು ಒಂದೊಂದೇ ಹೆಸರು ಓದಿ, “ಇವರಲ್ಲಿ ನಮ್ಮ ಕಡೆಯೋರು ಯಾರೂ ಇಲ್ಲ, ನಿಮ್ಮ ಕಡೆಯೋರಾ ನೋಡಿ” ಅಂದರು. ನಾನು ಸಿಟ್ಟಿನಲ್ಲಿ ಹೆಸರುಗಳನ್ನು ಓದಿಯೇ ಇರಲಿಲ್ಲ. ಎಂಟೂ ಜನ ನಮ್ಮವರು. ಅವರು ಕೊಟ್ಟ ಕಾಫಿಯನ್ನು ತಲೆ ತಗ್ಗಿಸಿ ಕುಡಿದು ಎದ್ದು ಬಂದೆ.

ಮೆಸ್ಸಿಗೆ ಹೋದಾಗ ಅವರಲ್ಲೊಬ್ಬ, ತೆಲುಗು ಬೆರೆಸಿ ಮಾತಾಡುವ ಪಾವಗಡದ ಕಡಲೆಕಾಯಿ ವ್ಯಾಪಾರಿ, ಎರಡನೇ ಮುದ್ದೆ ಮುರಿಯುತ್ತಿದ್ದ. ‘ಉಪ್ಪು ಜಾಸ್ತಿ’ ಅಂತ ಬರೆದವನು ಅವನೇ. ಫೋನು ಅವನ ಮುಖಕ್ಕೆ ಹಿಡಿದೆ.

“ಉಪ್ಪು ಜಾಸ್ತಿಯಾದ ಊಟ ಎರಡು ಸಲ ಯಾಕೆ ಹಾಕಿಸ್ಕೊಂಡೆ?”

ಅವನು ಹೆದರಲಿಲ್ಲ. ನಾಚಿಕೊಂಡ. “ಅನ್ನಾ, ಅಕ್ಕನೇ ಹೇಳಿದ್ದು. ಹೊಗಳಬ್ಯಾಡ್ರಿ, ದಿಷ್ಟಿ ತಗಲ್ತದೆ ಅಂತ. ನೀನು ಬರೀಲೇಬೇಕು ಅಂತೀಯ, ಅಕ್ಕ ಹೊಗಳಬ್ಯಾಡ ಅಂತಾಳೆ. ಮಗೀಗೆ ಕೆನ್ನೆ ಮ್ಯಾಗೆ ಬೊಟ್ಟು ಇಡಲ್ವಾ? ಅದೇ ಕದಾ ಇದು.”

ಪರದೆಯ ಆಚೆಯಿಂದ ಅಕ್ಕ, “ಅವ್ನುನ್ನ ಯಾಕ್ಲಾ ಬೈತೀಯ, ನಾನೇ ಹೇಳಿದ್ದು” ಅಂದಳು. ಇಷ್ಟು ಜನ ಇಷ್ಟು ಪ್ರೀತಿಯಿಂದ ಅವಳ ಮೆಸ್ಸನ್ನು ಮುಚ್ಚಿಸುತ್ತಿದ್ದರು. ಯಾರ ಮೇಲೆ ಕೂಗಾಡಬೇಕೋ ತಿಳಿಯದೆ ಬೆಂಚಿನ ಮೇಲೆ ಕೂತೆ.

ಸಂಜೆ ಹೊರಟಾಗ ಅಕ್ಕ ಎಂದಿನಂತೆ ನಮ್ಮ ಮನೆಗೆ ಸಾರು ಪಲ್ಯ ತುಂಬಿದ ಕ್ಯಾರಿಯರು ಕೊಟ್ಟಳು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ನೋಡಿದೆ. ಮುಚ್ಚಳದ ಮೇಲೆ ಒಂದು ಚೂರು ಇದ್ದಿಲು, ಒಂದು ಒಣಮೆಣಸಿನಕಾಯಿ. ಊಟವನ್ನು ದಾರಿಯಲ್ಲಿ ಒಯ್ಯುವಾಗ ಕಣ್ಣು ತಾಗದಿರಲಿ ಅಂತ ಇಡುವುದು. ಎಷ್ಟೋ ವರ್ಷದಿಂದ ಇಡುತ್ತಿದ್ದಳು, ನಾನು ಮನೆಗೆ ಹೋಗಿ ಅದನ್ನು ಎಸೆದು ಊಟ ಮಾಡುತ್ತಿದ್ದೆ. ದಾರಿಯಲ್ಲಿ ಒಯ್ಯುವ ಊಟಕ್ಕೆ ಇದಾದರೆ, ಫೋಟೋದಲ್ಲಿ ಹೋಗುವ ಊಟಕ್ಕೂ ಆಗಬೇಕಲ್ಲ ಅನ್ನಿಸಿತು.

ಮರುದಿನ ಹೋಗಿ, ಇದ್ದಿಲು ಇಟ್ಟು ಊಟದ ಫೋಟೋ ತೆಗೆಯಲಾ ಅಂತ ಕೇಳಿದೆ. ಅಕ್ಕ ಕಾಳು ಆರಿಸಿ ಮುಗಿಸಿದಳು. ಆಮೇಲೆ ಎದ್ದು ಎಲೆ ಹಾಕಿದಳು. ಮುದ್ದೆ ಇಟ್ಟು, ಸಾರು ಬಿಟ್ಟು, ಪಲ್ಯ ಬಡಿಸಿ, ಒಲೆಯಿಂದ ಆರಿದ ಇದ್ದಿಲು ತಂದು ಎಲೆಯ ತುದಿಯಲ್ಲಿಟ್ಟಳು. “ಇದು ಕಾಣುಸ್ಬೇಕು, ನೋಡ್ಕ. ಇದ್ಬುಟ್ಟು ತೆಗೀಬ್ಯಾಡ” ಅಂದಳು. ಬೆಳಕು ನೋಡಿ ಏಳೆಂಟು ಫೋಟೋ ತೆಗೆದೆ. ಒಂದರಲ್ಲೂ ಇದ್ದಿಲು ತಪ್ಪಲಿಲ್ಲ.

ಅಭಿಪ್ರಾಯಗಳಿಗೂ ಅದೇ ದಾರಿ ಹಿಡಿದೆ. ಸ್ಟಾರು ಐದು ಕೊಡಿ, ಬೊಟ್ಟನ್ನು ಮಾತಿನಲ್ಲಿ ಇಡಿ ಅಂದೆ. ಎಲ್ಲರೂ ತಿದ್ದಿದರು. ‘ಬಸ್ಸಾರು ಇಂಥದ್ದು ಬೇರೆಲ್ಲೂ ಸಿಗಲ್ಲ. ಫ್ಯಾನು ಕಿರ್ ಅನ್ನುತ್ತದೆ.’ ‘ಮುದ್ದೆ ಬಹಳ ಚೆನ್ನ. ಬೆಂಚು ಒಂದು ಕಡೆ ವಾಲಿದೆ.’ ಓದಿ ಹೇಳಿದಾಗ ಅಕ್ಕನಿಗೆ ಸಮಾಧಾನವಾಯಿತು. ನಾನು ಫ್ಯಾನಿನವನನ್ನು ಕರೆಸುತ್ತೇನೆ ಅಂದರೆ ಬೇಡವೇ ಬೇಡ ಅಂದಳು. ಅದು ಈಗಲೂ ಕಿರ್ ಅನ್ನುತ್ತಿದೆ.

ಆಮೇಲೆ ಪವಾಡವೇನೂ ನಡೆಯಲಿಲ್ಲ. ಬಂದ ಪ್ರತಿ ಅಭಿಪ್ರಾಯಕ್ಕೂ ನಾನು ಎರಡು ಸಾಲು ಉತ್ತರ ಬರೆದೆ. ವಾರಕ್ಕೊಂದು ಹೊಸ ಫೋಟೋ ಹಾಕಿದೆ. ಸಂಕ್ರಾಂತಿ ಹೊತ್ತಿಗೆ ಭಾನುವಾರ ನಾಲ್ಕು ಕಾರು ನಿಲ್ಲತೊಡಗಿದವು, ಶಿವರಾತ್ರಿ ಹೊತ್ತಿಗೆ ನಡುವಾರದಲ್ಲೂ ಜನ. ‘ಇದ್ದಿಲು ಇಡೋ ಊಟ ಇದೇನಾ?’ ಅಂತ ಕೇಳಿಕೊಂಡು ಬರುವವರು ಶುರುವಾದರು. ಫೋಟೋ ತೆಗೆಯುವವರಿಗೆಲ್ಲ ಅಕ್ಕ ತಾನೇ ಒಂದು ಚೂರು ಇದ್ದಿಲು ಕೊಡುತ್ತಾಳೆ. ಅದನ್ನು ಎಲೆಯ ತುದಿಯಲ್ಲಿಡುವ ತನಕ ಮುದ್ದೆ ಬಡಿಸುವುದಿಲ್ಲ.

ಯುಗಾದಿಯ ಮರುವಾರ ಕಂಟ್ರಾಕ್ಟರು ತಾನೇ ಬಂದ. ಕೂರಲು ಜಾಗವಿಲ್ಲದೆ ಹುಣಸೆಮರದ ಕೆಳಗೆ ಕಾದು ನಿಂತ. ಅಕ್ಕ ಎಲ್ಲರಿಗೂ ಬಡಿಸಿದ ಮೇಲೆ ಅವನನ್ನು ಕರೆದು ಹೊಟ್ಟೆ ತುಂಬ ಊಟ ಹಾಕಿದಳು. ಸಾರನ್ನು ಎರಡು ಸಲ ಬಿಟ್ಟಳು. ಕೈ ತೊಳೆದು ಬಂದವನಿಗೆ, “ನಮ್ ಒಲೆ ನಮ್ಗೈತೆ ಕಣಣ್ಣ, ಬ್ಯಾರೆಯವ್ರುನ್ನ ನೋಡ್ಕಳಿ” ಅಂದಳು. ನಾನು ಮೂಲೆಯಲ್ಲಿ ನಿಂತು ಕೇಳಿಸಿಕೊಂಡೆ. ಅವಳು ಗೆದ್ದಳು ಅಂತ ಅಲ್ಲೇ ಕುಣಿಯಬೇಕು ಅನ್ನಿಸಿತು.

ಆವತ್ತು ಮೆಸ್ಸಿನಲ್ಲಿ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಇದ್ದರೆ ಇಂಥ ತಮ್ಮ ಇರಬೇಕು, ಎಂಥ ತಲೆ, ಐವತ್ತು ದಾಟಿದರೂ ಎಷ್ಟು ಗಟ್ಟಿ ನೋಡಿ ಅಂತ ಒಬ್ಬರಾದ ಮೇಲೆ ಒಬ್ಬರು. ನಾನೂ ಬೇಡ ಅನ್ನಲಿಲ್ಲ, ಎದೆಯುಬ್ಬಿಸಿ ನಿಂತಿದ್ದೆ. ಅಕ್ಕ ಪರದೆಯ ಸಂದಿಯಿಂದ ನೋಡುತ್ತಿದ್ದಳು, ನಗುತ್ತಿರಲಿಲ್ಲ.

ಎರಡು ದಿನ ಬಿಟ್ಟು ಮಧುಗಿರಿಯ ನನ್ನ ಅಂಗಡಿಗೆ ಹೊಸ ಅಭಿಪ್ರಾಯ ಬಂದಿದೆ ಅಂತ ಫೋನು ತೋರಿಸಿತು. ಐದರ ಸಾಲಿನ ಕೆಳಗೆ ಒಂದೇ ಒಂದು ಸ್ಟಾರು. ಹಾಕಿದ್ದು ಅಕ್ಕನ ಖಾತೆಯಿಂದ. ಅವಳಿಗೆ ಬರೆಯಲು ಬರುವುದಿಲ್ಲ, ಕಡಲೆಕಾಯಿ ವ್ಯಾಪಾರಿಯಿಂದ ಬರೆಸಿದ್ದಳು. ‘ಈ ಮನುಷ್ಯನಿಗೆ ಕೆಲಸ ಅಷ್ಟಕ್ಕಷ್ಟೇ. ಕೋಪ ಜಾಸ್ತಿ. ನೋಡೋಕೂ ಚೆನ್ನಾಗಿಲ್ಲ.’

ಗಿರಾಕಿಗಳು ಎದುರಿಗೆ ನಿಂತಿದ್ದರು, ನನಗೆ ಕಣ್ಣು ತುಂಬಿ ಬಂತು. ಭಾವನಿಗೆ ಯಾರೂ ಇಡದೆ ಹೋದ ಬೊಟ್ಟನ್ನು ಅಕ್ಕ ನನಗೆ ಇಟ್ಟಿದ್ದಳು.