ಹಿಂದೆ ನೋಡುವ ಬಟನ್

ಅವರ ಕುತ್ತಿಗೆ ಎಡಕ್ಕೆ ತಿರುಗಿಕೊಂಡೇ ಇರುತ್ತಿತ್ತು. ಮೂವತ್ತು ವರ್ಷ ಬಸ್ಸಿನ ಎಡಗನ್ನಡಿಯಲ್ಲಿ ಹತ್ತುವವರನ್ನೂ ಇಳಿಯುವವರನ್ನೂ ನೋಡಿ ನೋಡಿ ನರ ಹಾಗೇ ಸೆಟೆದು ನಿಂತಿತ್ತು. ಎದುರಿಗೆ ನಿಂತು ಮಾತಾಡಿದರೆ, ನಮ್ಮ ಪಕ್ಕದಲ್ಲಿ ಇನ್ನೊಬ್ಬರಿದ್ದಾರೇನೋ ಅನ್ನುವ ಹಾಗೆ ಅತ್ತ ನೋಡುತ್ತಿದ್ದರು. ಮೊದಮೊದಲು ನಾನೂ ತಿರುಗಿ ನೋಡಿದ್ದುಂಟು. ಯಾರೂ ಇರುತ್ತಿರಲಿಲ್ಲ.

ಹೊಸಪೇಟೆಯಿಂದ ಸಂಡೂರು ದಾಟಿ ಯಶವಂತನಗರಕ್ಕೆ ಹೋಗುವ ಗಣಿ ಕಂಪನಿ ಬಸ್ಸಿನ ಡ್ರೈವರ್ ಅವರು. ನಾನು ಅದೇ ಗಣಿಯಲ್ಲಿ ಅದಿರು ಲಾರಿಗಳನ್ನು ತೂಗುವ ಕಾಟಾದ ಕ್ಲಾರ್ಕು. ತವರು ಕಂಪ್ಲಿ, ಇರುವುದು ಹೊಸಪೇಟೆಯ ಒಂದು ಬಾಡಿಗೆ ಕೋಣೆ. ಬೆಳಿಗ್ಗೆ ಏಳುವುದೆಂದರೆ ನನಗೆ ಜೀವ ಹೋದ ಹಾಗೆ. ಅರ್ಧ ಜಡೆ ಹೆಣೆದುಕೊಂಡು ಓಡಿ ಬಂದರೆ ಬಸ್ಸು ನಿಂತಿರುತ್ತಿತ್ತು. ಒಳಗಿದ್ದವರು "ಕಾಕಾ, ಪಂಚಿಂಗ್ ತಪ್ಪತೈತಿ, ಬಿಡ್ರಿ!" ಅಂತ ಗಲಾಟೆ ಮಾಡುತ್ತಿದ್ದರು. ಅವರದು ಒಂದೇ ಮಾತು: "ತಡೀರಿ, ಒಂದು ನಿಮಿಷ. ಯಾರೋ ಬರಾಕತ್ಯಾರ." ಯಾರೂ ಬರದಿದ್ದ ದಿನವೂ ಹಾಗೇ ಹೇಳುತ್ತಿದ್ದರಂತೆ. ಅದು ನನಗೆ ಗೊತ್ತಾಗುವ ಸಂಭವವೇ ಇರಲಿಲ್ಲ, ಕೊನೆಗೆ ಹತ್ತುವವಳು ಯಾವಾಗಲೂ ನಾನೇ.

ನಿವೃತ್ತರಾದ ಮೇಲೆ ನಮ್ಮ ಓಣಿಯ ತುದಿಯಲ್ಲೇ ಮನೆ ಹಿಡಿದರು. ಚೋರನೂರಿನ ಕಡೆಯವರು, ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಮಂಡಕ್ಕಿ ಒಗ್ಗರಣಿ-ಮಿರ್ಚಿಯ ಪೊಟ್ಟಣ ಹಿಡಿದು ನನ್ನ ಬಾಗಿಲಿಗೆ ಬಂದರು. ನಾನು ಟಿವಿಯ ಮುಂದೆ ಚಾಪೆಯ ಮೇಲೆ ಕೂತು ಕಾರು ಓಡಿಸುತ್ತಿದ್ದೆ.

ಹೂಂ, ಮೂವತ್ತೈದು ದಾಟಿದ ಹೆಂಗಸು ವಿಡಿಯೋ ಗೇಮ್ ಆಡುತ್ತಾಳೆ. ಕಂಪ್ಲಿಯಲ್ಲಿ ನಮ್ಮವ್ವ ಇದಕ್ಕೇ ಹಣೆ ಹಣೆ ಚಚ್ಚಿಕೊಳ್ಳುತ್ತಾಳೆ. ದಿನವೆಲ್ಲ ಧೂಳು ತಿಂದುಕೊಂಡು ಇಂಚಿಂಚಾಗಿ ತೆವಳುವ ಲಾರಿಗಳನ್ನು ನೋಡಿದವಳಿಗೆ ಈ ಆಟ ಮಸ್ತ್ ಹಿಡಿಸಿತ್ತು. ದೊಡ್ಡದೊಂದು ನಗರ, ಬೀದಿಬೀದಿಯಲ್ಲಿ ರೇಸು. ಬರೀ ಮೊದಲು ಬಂದರೆ ಸಾಲದು, ಗತ್ತಿನಿಂದ ಬರಬೇಕು. ತಿರುವಿನಲ್ಲಿ ಅಡ್ಡಡ್ಡ ಜಾರಿದರೆ ಪಾಯಿಂಟು, ಎದುರಿನ ಕಾರನ್ನು ಕೂದಲೆಳೆಯಲ್ಲಿ ಸವರಿ ಹೋದರೆ ಪಾಯಿಂಟು, ಸೇತುವೆಯಿಂದ ಹಾರಿದರೆ ಇನ್ನೂ ಹೆಚ್ಚು. ಒಂದರ ಹಿಂದೊಂದು ಸ್ಟೈಲು ಕೂಡುತ್ತಲೇ ಹೋಗಬೇಕು, ನಡುವೆ ಬ್ರೇಕು ಹಾಕಿ ನಿಂತಿರೋ, ಕೂಡಿದ್ದೆಲ್ಲ ಸೊನ್ನೆ.

"ಇದು ಯಾವ ಊರವ್ವಾ?" ಅಂದರು.

"ಯಾವ ಊರೂ ಅಲ್ಲ ಕಾಕಾ, ಆಟ."

"ಮತ್ತ ಮಂದಿ ಎಲ್ಲಿ ಹೋಗ್ಯಾರ?"

ನಕ್ಕು, ಆಟದ ರಿಮೋಟನ್ನು ಅವರ ಕೈಗೆ ಕೊಟ್ಟೆ. ಯಾರಾದರೂ ಮೊದಲು ಕೇಳುವುದು ಎಕ್ಸಲರೇಟರ್ ಯಾವುದು ಅಂತ. ಇವರು ಕೇಳಿದ್ದು, "ಹಿಂದ ನೋಡೋ ಬಟನ್ ಯಾವುದು?" ಅಂಥದೊಂದು ಬಟನ್ ಇತ್ತು. ವರ್ಷಗಟ್ಟಲೆ ಆಡಿದ ನಾನು ಅದನ್ನು ಒಮ್ಮೆಯೂ ಒತ್ತಿರಲಿಲ್ಲ.

ಅವರು ಅದನ್ನು ಒತ್ತದೆ ಗಾಡಿ ಎತ್ತಲೇ ಇಲ್ಲ. ಬೇರೆ ಕಾರುಗಳೆಲ್ಲ ಕಿರುಚಿಕೊಂಡು ಹೋದ ಮೇಲೆ ಇವರದು ಮೆಲ್ಲಗೆ ಹೊರಡುತ್ತಿತ್ತು. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ರಸ್ತೆ ಬದಿಯಲ್ಲಿ ಚಂದಕ್ಕೆಂದು ಬಸ್ ಸ್ಟಾಪುಗಳನ್ನು ಮಾಡಿಟ್ಟಿದ್ದರಲ್ಲ, ಪ್ರತಿಯೊಂದರ ಮುಂದೂ ಕಾರು ನಿಲ್ಲಿಸಿ, ಹಿಂದೆ ನೋಡಿ, ಆಮೇಲೆ ಮುಂದೆ! "ಕಾಕಾ, ನಿಮ್ಮ ಸ್ಟೈಲಿಗೆ ಒಂದು ತೆಂಗಿನಕಾಯಿ ಒಡೀಬೇಕು" ಅಂತ ಕಾಡಿಸುತ್ತಿದ್ದೆ. ಅವರು ಮಿರ್ಚಿ ಕಡಿದು ನಗುತ್ತಿದ್ದರು. ಭಾನುವಾರ ಅನ್ನುವುದು ನನಗೆ ಹೀಗೆ ಭಾನುವಾರವಾಯಿತು. ಅದಕ್ಕೂ ಮೊದಲು ಅದು ಯಾರೊಂದಿಗೂ ಮಾತಾಡದೆ ಮುಗಿಯುವ ದಿನವಾಗಿತ್ತು.

ಒಮ್ಮೆಯಾದರೂ ಅವರು ಗೆಲ್ಲಬೇಕೆಂದು ನನಗೆ ಹಟ ಬಂತು. ಒಂದು ವಾರ ಎಲ್ಲಕ್ಕಿಂತ ಸುಲಭದ ರೇಸು ಹಚ್ಚಿಕೊಟ್ಟೆ. ಗುರಿ ಇನ್ನೇನು ಮುಟ್ಟಿದರು ಅನ್ನುವಾಗ ಕೊನೆಯ ಸ್ಟಾಪಿನಲ್ಲಿ ಮತ್ತೆ ಬ್ರೇಕು. ನನ್ನ ಬಾಯಿಯೋ, ಬೀಗವಿಲ್ಲದ ಬಾಗಿಲು. "ಅಲ್ಲಿ ಯಾರೂ ಇಲ್ರಿ! ಎಷ್ಟು ಸಲ ಹೇಳಬೇಕು ನಿಮಗ? ಯಾರೂ ಬರಂಗಿಲ್ಲ!" ಅಂತ ಚೀರಿದೆ.

ಅವರು ರಿಮೋಟನ್ನು ಚಾಪೆಯ ಮೇಲಿಟ್ಟರು. "ಮೊದ್ಲ ನಾನೂ ಭಾಳ ಸ್ಟೈಲ್ ಮಾಡ್ತಿದ್ದೆ ಯವ್ವಾ. ಟೈಮ್ ಅಂದ್ರ ಟೈಮ್. ಒಂದಿನ ಶಿಫ್ಟ್ ಬಿಟ್ಟಾಗ ಯಶವಂತನಗರದ ಸ್ಟಾಪಿಗೆ ಒಬ್ಬ ಓಡಿ ಬರಾಕತ್ತಿದ್ದ. ಬುತ್ತಿ ಚೀಲ ಎತ್ತಿ ಎತ್ತಿ ತೋರಿಸಿದ. ನಾಳೆಯಿಂದರ ಜಲ್ದಿ ಬರ್ಲಿ, ಬುದ್ಧಿ ಕಲೀಲಿ ಅಂತ ಬಿಟ್ಟು ಬಂದೆ. ಅವ ಅದಿರು ಲಾರಿ ಹತ್ಯಾನ. ಘಾಟಿನ್ಯಾಗ ಆ ಲಾರಿ ಬಿತ್ತು."

ಮಿರ್ಚಿಯ ಪೊಟ್ಟಣ ಮಡಚುತ್ತ ಅಂದರು, "ಕಾಣ್ಲಾರ್ದ ಬಿಟ್ಟು ಬಂದಿದ್ರ ಮಾತು ಬ್ಯಾರೆ ಇತ್ತು. ಕನ್ನಡ್ಯಾಗ ಕಂಡಿದ್ದ."

ನಾನು ಎದ್ದು ಹೋಗಿ ಚಹಾಕ್ಕೆ ನೀರಿಟ್ಟೆ. ಮುಂದಿನ ಭಾನುವಾರದಿಂದ ಅವರು ಸ್ಟಾಪಿನಲ್ಲಿ ನಿಲ್ಲಿಸಿದಾಗ ನಾನೂ ಸುಮ್ಮನೆ ಕಾಯುತ್ತಿದ್ದೆ.

ಹೀಗೇ ಎರಡು ವರ್ಷ ನಡೆಯಿತು. ಕೊನೆಯ ಭಾನುವಾರ ನಾಲ್ಕು ಹೊಡೆದರೂ ಅವರು ಬರಲಿಲ್ಲ. ಚೋರನೂರಿಗೆ ಹೋಗಿರಬೇಕು ಅಂದುಕೊಂಡು ಒಬ್ಬಳೇ ಆಡಲು ಕೂತೆ. ಅವತ್ತು ಕೈ ಏನು ಓಡಿತೋ! ಜಾರಿದ್ದೆಲ್ಲ ಪಾಯಿಂಟು, ಹಾರಿದ್ದೆಲ್ಲ ಪಾಯಿಂಟು. ವರ್ಷದಿಂದ ಬೆನ್ನು ಹತ್ತಿದ್ದ ದಾಖಲೆ ಕಣ್ಣೆದುರೇ ಇತ್ತು. ಆಗ ಚಾಪೆಯ ಮೇಲಿದ್ದ ಫೋನು ಹೊಡೆದುಕೊಂಡಿತು. ಅವರದೇ ಹೆಸರು. ಕೈಬಿಟ್ಟರೆ ಕೂಡಿದ್ದೆಲ್ಲ ಸೊನ್ನೆ. "ಒಂದು ನಿಮಿಷ ಕಾಕಾ" ಅಂತ ಬಾಯಿಬಿಟ್ಟೇ ಹೇಳಿದೆ, ಅವರಿಗೆ ಕೇಳಿಸುತ್ತದೆ ಅನ್ನುವ ಹಾಗೆ. ಫೋನು ಪೂರ್ತಿ ಹೊಡೆದು ನಿಂತಿತು. ಮತ್ತೊಮ್ಮೆ ಹೊಡೆದು ನಿಂತಿತು.

ಗೆದ್ದೆ. ಬಂಗಾರದ ಅಕ್ಷರಗಳು ಟಿವಿ ತುಂಬ ಕುಣಿದವು. ಆಮೇಲೆ ಫೋನ್ ಹಚ್ಚಿದರೆ ಯಾರೂ ಎತ್ತಲಿಲ್ಲ. ಬರಿಗಾಲಲ್ಲೇ ಓಣಿಯ ತುದಿಗೆ ಓಡಿದೆ. ಅವರ ಮನೆಯ ಒಡತಿ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

"ಎದಿ ನೋವು ಅಂದ್ರವ್ವಾ. ಆಟೋ ತರಿಸಿದ್ವಿ. ಒಳಗ ಕುಂತು ನಿನಗೇ ಫೋನ್ ಹಚ್ಚಿದ್ರು, ನೀ ಎತ್ತಲಿಲ್ಲ. ಆಟೋದಾಂವ ಹೊಂಟ್ರ ಬಿಡವಲ್ರು. 'ತಡೀರಿ, ಒಂದು ನಿಮಿಷ, ಹುಡುಗಿ ಬರಾಕತ್ಯಾಳ' ಅಂತ ನಿನ್ನ ಮನಿ ಕಡೆನೇ ನೋಡಕೋತ ಕುಂತ್ರು. ಕಡೀಕ ನನ್ನ ಮಗನೇ ಹತ್ತಿ ಬಯ್ದು ಗಾಡಿ ಬಿಡಿಸಿದ."

ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಸ್ನಾನಕ್ಕೆ ಹೋಗಿದ್ದೆ, ಫೋನು ಕೇಳಿಸಲಿಲ್ಲ ಅಂದಿದ್ದೇನೆ. ಕೇಳಿಸಿತ್ತು. ಹೆಸರೂ ಕಂಡಿತ್ತು.

ಇನ್ನೊಂದು ಆಟೋ ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಂಚದ ಮೇಲೆ ನೆಟ್ಟಗೆ ಮಲಗಿಸಿದ್ದರು. ಕುತ್ತಿಗೆ ಮಾತ್ರ ಎಡಕ್ಕೇ ತಿರುಗಿತ್ತು. ನರ್ಸಮ್ಮ ಅದನ್ನು ನೇರ ಮಾಡಲು ಕೈ ಹಾಕಿದಳು.

"ಬ್ಯಾಡ್ರಿ, ಇರ್ಲಿ" ಅಂದೆ. ಸುತ್ತಿಕೊಂಡು ಹೋಗಿ ಅವರ ಎಡಗಡೆ ನಿಂತೆ.